ತಾಯಿಮರಗಳ ಲೆಕ್ಕ: ಚಿಕ್ಕೋಡಿ–ಅಥಣಿ ಸೀಮೆಯ ಜಾಲಿ, ಬನ್ನಿಗಳ ವಂಶವೈವಿಧ್ಯ

ಬೆಳಗಾವಿ ಜಿಲ್ಲೆಯ ಬಡಗಣ ಅಂಚಿನಲ್ಲಿ ನಿಪ್ಪಾಣಿಯಿಂದ ಚಿಕ್ಕೋಡಿ, ರಾಯಬಾಗ, ಕಾಗವಾಡ ಹಾದು ಅಥಣಿಯವರೆಗೆ ಹೋದರೆ ಮಳೆ ಹಂತಹಂತವಾಗಿ ಕಡಿಮೆಯಾಗುತ್ತ ಬರುತ್ತದೆ. ಸಹ್ಯಾದ್ರಿಗೆ ಹತ್ತಿರದ ನಿಪ್ಪಾಣಿಯಲ್ಲಿ ತಂಬಾಕು, ಸೋಯಾಬೀನ್ ಬೆಳೆಯುತ್ತಾರೆ. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯುದ್ದಕ್ಕೂ ಕಬ್ಬು. ಅಥಣಿ ದಾಟಿ ತೆಲಸಂಗದ ಕಡೆ ತಿರುಗಿದರೆ ಬಿಳಿಜೋಳ, ಕಡಲೆ, ಆಮೇಲೆ ಕಲ್ಲು ತುಂಬಿದ ಮಡ್ಡಿ. ಈ ಎಲ್ಲ ನೆಲದಲ್ಲೂ ಕಾಣಸಿಗುವುದು ಜಾಲಿ. ಅಲ್ಲಲ್ಲಿ ಬನ್ನಿ. ಕುರಿ, ಆಡು, ಎಮ್ಮೆ, ಖಿಲಾರಿ ಎತ್ತುಗಳಿಗೆ ಬೇಸಿಗೆಯಲ್ಲಿ ಹಸಿರು ಕೊಡುವ ಮರಗಳು ಇವೇ. ಯಾರೂ ನೆಡದೆ, ನೀರು ಹನಿಸದೆ ಬೆಳೆದ ಕಾರಣಕ್ಕೆ ಇವನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಲೆಕ್ಕ ಹಿಡಿದವರೂ ಎಷ್ಟು ಮರ ಇವೆ ಎಂದು ಎಣಿಸುತ್ತಾರೆಯೇ ಹೊರತು, ಆ ಮರಗಳು ಎಷ್ಟು ಬೇರೆ ಬೇರೆ ವಂಶಗಳಿಗೆ ಸೇರಿವೆ ಎಂದು ನೋಡುವುದಿಲ್ಲ. ಬರ, ರೋಗ, ಸವಳು ಬಂದಾಗ ಒಂದು ಸೀಮೆಯ ಮರಗಳು ಉಳಿಯುತ್ತವೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಈ ಎರಡನೆಯ ಲೆಕ್ಕ.

ಯಾವ ಮರಗಳು

ದ್ವಿದಳ ಕುಲಕ್ಕೆ ಸೇರಿದ, ಮೇವಿಗೆ ಒದಗುವ ದೇಸಿ ಮರಗಳಲ್ಲಿ ಈ ಭಾಗಕ್ಕೆ ಮುಖ್ಯವಾದದ್ದು ಜಾಲಿ, ಅಂದರೆ ಕರಿಜಾಲಿ. ಇದರ ಶಾಸ್ತ್ರೀಯ ಹೆಸರು ಬಹುಕಾಲ ಅಕೇಶಿಯ ನೈಲೋಟಿಕ ಎಂದಿತ್ತು. 2005ರ ವಿಯೆನ್ನಾ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಅಕೇಶಿಯ ಎಂಬ ಹೆಸರು ಆಸ್ಟ್ರೇಲಿಯಾದ ಮರಗಳ ಪಾಲಾಯಿತು. ನಮ್ಮ ಜಾಲಿ ಈಗ ವಾಚೆಲಿಯ ನೈಲೋಟಿಕ. ಇದರ ದಾಯಾದಿ ಬಿಳಿಜಾಲಿ ಮಡ್ಡಿಯಲ್ಲಿ ಹೆಚ್ಚು. ಬನ್ನಿ ಎಂದರೆ ಪ್ರೊಸೊಪಿಸ್ ಸಿನೆರೇರಿಯ. ರಾಜಸ್ಥಾನದವರ ಖೇಜ್ರಿ, ತೆಲಂಗಾಣದವರ ಜಮ್ಮಿ, ಅರಬ್ ಎಮಿರೇಟ್ಸ್‌ನವರ ಗಾಫ್ ಎಲ್ಲ ಇದೇ ಮರ. ಬಾಗೆ ಮರವನ್ನೂ ಈ ಪಟ್ಟಿಗೆ ಸೇರಿಸಬೇಕು. ಅದರ ಎಲೆಯಲ್ಲಿ ಸಸಾರಜನಕ ಜಾಲಿಗಿಂತಲೂ ಹೆಚ್ಚು. ದಸರೆಯಲ್ಲಿ ಗಡಿಭಾಗದ ಊರುಗಳಲ್ಲಿ ಬಂಗಾರವೆಂದು ಹಂಚುವ, ಎರಡು ಹೋಳಾಗಿ ಕಾಣುವ ಎಲೆಯ ಆಪ್ಟಾ ಗಿಡವೂ ಇದೇ ಕುಲದ್ದು, ಅದನ್ನೂ ದನಕರು ತಿನ್ನುತ್ತವೆ.

ಹಳ್ಳದ ದಂಡೆ, ಕೆರೆಯಂಗಳ ಆಕ್ರಮಿಸಿರುವ ಬಳ್ಳಾರಿ ಜಾಲಿ ಮಾತ್ರ ಅಮೆರಿಕ ಖಂಡದಿಂದ ಬಂದದ್ದು. ಮೊನ್ನೆಮೊನ್ನೆಯವರೆಗೆ ಅದನ್ನೂ ಬನ್ನಿಯನ್ನೂ ಒಂದೇ ಪ್ರೊಸೊಪಿಸ್ ಜಾತಿಯಲ್ಲಿ ಇಡುತ್ತಿದ್ದರು. ವಂಶವಾಹಿಗಳ ಅಧ್ಯಯನ ನಡೆದ ಮೇಲೆ 2022ರಲ್ಲಿ ಆ ಜಾತಿಯನ್ನು ಒಡೆದು, ಬಳ್ಳಾರಿ ಜಾಲಿಯನ್ನು ನೆಲ್ಟುಮ ಎಂಬ ಬೇರೆ ಜಾತಿಗೆ ಸೇರಿಸಿದರು. ಬನ್ನಿ ತನ್ನ ಹೆಸರನ್ನು ಉಳಿಸಿಕೊಂಡಿತು.

ಮೇವಿನ ಬೆಲೆ

ಜೋಳದ ಕಣಿಕೆಯಲ್ಲಿ ಸಸಾರಜನಕ ಶೇ 3ರಿಂದ 5ರಷ್ಟು ಮಾತ್ರ. ಜಾಲಿ ಎಲೆಯಲ್ಲಿ ಶೇ 12ರಿಂದ 18ರವರೆಗೆ, ಒಣ ಕಾಯಿಯಲ್ಲಿ ಶೇ 10ಕ್ಕೂ ಮೇಲೆ ಇರುತ್ತದೆ. ಮುಖ್ಯವಾದದ್ದು ಅದು ಸಿಗುವ ಹೊತ್ತು. ಜಾಲಿ ಮಳೆಗಾಲದಲ್ಲಿ ಹೂ ಬಿಟ್ಟು, ಕಾಯಿಯನ್ನು ಬಲಿಯಲು ಬಿಟ್ಟು, ಬೇಸಿಗೆಯಲ್ಲಿ ಉದುರಿಸುತ್ತದೆ. ಬಣವೆ ಕರಗಿ, ಒಡ್ಡಿನ ಮೇಲಿನ ಹುಲ್ಲು ಸುಟ್ಟುಹೋಗಿರುವ ಮಾರ್ಚ್–ಮೇ ತಿಂಗಳಲ್ಲಿ ಕುರುಬರು ಮುಂದೆ ಕೊಕ್ಕೆ ಕಟ್ಟಿದ ಗಳದಿಂದ ಟೊಂಗೆ ಅಲುಗಿಸಿದರೆ, ಸದ್ದಿಗೇ ಆಡುಗಳು ಓಡಿಬರುತ್ತವೆ. 1972ರ ಬರವನ್ನು ಕಂಡ ಹಿರಿಯರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಬರದ ವರ್ಷ ದನ ಉಳಿಸಿಕೊಳ್ಳುವುದರಲ್ಲಿ ಒಡ್ಡಿನ ಜಾಲಿಗೆ ಎಂಥ ಪಾಲಿತ್ತು ಎಂಬುದಕ್ಕೆ ಅವರಿಗೆ ಪುರಾವೆ ಬೇಕಿಲ್ಲ.

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಮುಟ್ಟುವುದು ನಿಜ, ಆದರೆ ಎಲ್ಲ ಮರವನ್ನೂ ಒಂದೇ ಆಸೆಯಿಂದ ತಿನ್ನುವುದಿಲ್ಲ. ಒಂದೇ ಒಡ್ಡಿನ ಮೇಲಿನ ಎರಡು ಜಾಲಿಗಳಲ್ಲಿ ಒಂದನ್ನು ಬರಿದು ಮಾಡಿ, ಇನ್ನೊಂದನ್ನು ನಾಲ್ಕು ಬಾಯಿ ಹಾಕಿ ಬಿಡುವುದುಂಟು. ಇದಕ್ಕೆ ದೊಡ್ಡ ಕಾರಣ ಎಲೆಯಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ. ಅದು ಹಿತಮಿತವಾಗಿದ್ದರೆ ಹೊಟ್ಟೆಯ ಹುಳುವಿಗೆ ಮದ್ದು, ಸಸಾರಜನಕವನ್ನು ಮೊದಲ ಚೀಲದಲ್ಲೇ ಕೊಳೆಯದಂತೆ ಕಾಯುತ್ತದೆ. ಮಿತಿ ಮೀರಿದರೆ ತಿಂದದ್ದು ಜೀರ್ಣವಾಗದಂತೆ ಕಟ್ಟಿಹಾಕುತ್ತದೆ. ಯಾವ ಮರದಲ್ಲಿ ಎಷ್ಟು ಒಗರು ಎಂಬುದರಲ್ಲಿ ಮಣ್ಣು, ವಯಸ್ಸು, ಋತುವಿನ ಪಾಲಿದೆ, ವಂಶದ ಪಾಲೂ ಇದೆ.

ಈ ಒಗರಿನ ಜೊತೆ ಇಲ್ಲಿನವರಿಗೆ ಹಳೆಯ ನಂಟು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಭಾಗದಲ್ಲಿ ತಯಾರಾಗುವ ಕೊಲ್ಹಾಪುರಿ ಚಪ್ಪಲಿಯ ತೊಗಲು ಸಾಂಪ್ರದಾಯಿಕವಾಗಿ ಹದಗೊಳ್ಳುತ್ತಿದ್ದದ್ದು ಜಾಲಿ ತೊಗಟೆ ಮತ್ತು ಅಳಲೆಕಾಯಿಯಿಂದ. ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ತೊಗಟೆಯ ಚೂರು ತುಂಬಿ, ತೂಗುಹಾಕಿ ಮೇಲಿಂದ ನೀರು ಹೊಯ್ಯುತ್ತಾರೆ. ಒಗರು ನೀರು ತೊಗಲಿನ ರಂಧ್ರ ರಂಧ್ರದಿಂದ ಸೋಸಿ ಕೆಳಗಿಳಿಯುತ್ತದೆ. ಕರ್ನಾಟಕ, ಮಹಾರಾಷ್ಟ್ರಗಳ ಎಂಟು ಜಿಲ್ಲೆಗಳಿಗೆ ಜಂಟಿಯಾಗಿ ಸಿಕ್ಕಿರುವ ಈ ಚಪ್ಪಲಿಯ ಭೌಗೋಳಿಕ ಮಾನ್ಯತೆಯಲ್ಲಿ ಬೆಳಗಾವಿಗೂ ಪಾಲಿದೆ. ಆಡಿಗೆ ಸಿಹಿಯಾದ ಮರ ಬೇರೆ, ತೊಗಲಿಗೆ ಒಗರಾದ ಮರ ಬೇರೆ ಆಗಿರಬಹುದು. ಊರಿಗೆ ಎರಡೂ ಬೇಕು.

ಒಂದೇ ಹೆಸರು, ಹಲವು ಜಾಲಿ

ಆಫ್ರಿಕದಿಂದ ಭಾರತದವರೆಗೆ ಹಬ್ಬಿರುವ ಜಾಲಿಯಲ್ಲಿ ಒಂಬತ್ತು ಉಪಪ್ರಭೇದಗಳನ್ನು ಸಸ್ಯಶಾಸ್ತ್ರಜ್ಞರು ಗುರುತಿಸಿದ್ದಾರೆ. ದಖ್ಖನ್ನಿನ ರೈತರು ತಮ್ಮ ಕಣ್ಣಳತೆಯಲ್ಲೇ ಮೂರು ಬಗೆ ಹೇಳುತ್ತಿದ್ದರು. ಹರಡಿಕೊಂಡು ಬೆಳೆಯುವ, ಒಳ್ಳೆಯ ಚೇಗು ಕೊಡುವ ತೇಲಿಯಾ. ಗಿಡ್ಡನೆಯ, ಒರಟು ತೊಗಟೆಯ ವೇಡಿ ಅಥವಾ ಕೌರಿಯಾ. ಪೊರಕೆ ನಿಲ್ಲಿಸಿದಂತೆ ಟೊಂಗೆಗಳೆಲ್ಲ ಮೇಲಕ್ಕೇ ಏಳುವ ರಾಮಕಾಂಟಾ. ರಾಮಕಾಂಟಾದ ನೆರಳು ಕಿರಿದು, ಆದ್ದರಿಂದ ಹೊಲದ ನಡುವೆ ಇದ್ದರೂ ಬೆಳೆಗೆ ತೊಂದರೆ ಕಡಿಮೆ. ಹೆಸರುಗಳು ಗಡಿಯಾಚೆಯ ಮರಾಠಿಯಲ್ಲಿ ಹೆಚ್ಚು ಬಳಕೆಯಲ್ಲಿದ್ದರೂ ಮರಗಳಿಗೆ ಗಡಿ ಇಲ್ಲ. ಈ ಮೂರರಲ್ಲಿ ರಾಮಕಾಂಟಾ ಉಪಪ್ರಭೇದದ ಮಟ್ಟದಲ್ಲೇ ಬೇರೆ ಎಂದು ವಿಜ್ಞಾನವೂ ಒಪ್ಪಿತು. ತೇಲಿಯಾದ ಕಾಯಿಯನ್ನು ಕೈಗೆತ್ತಿಕೊಂಡರೆ ಕಾಳು ಕಾಳಿನ ನಡುವೆ ಸೊಂಟ ಹಿಂಡಿದಂತೆ ಕಿರಿದಾಗಿ ಸರದ ಮಣಿಯಂತೆ ಕಾಣುತ್ತದೆ, ಮೇಲೆ ಬೂದು ಬಣ್ಣದ ನಯವಾದ ರೋಮ. ಬೇರೆ ಕೆಲವು ಉಪಪ್ರಭೇದಗಳಲ್ಲಿ ಆ ಸೊಂಟ ಅಷ್ಟು ಆಳವಿರುವುದಿಲ್ಲ.

ಜಾಲಿಯ ಒಳಗಿನ ಲೆಕ್ಕವೂ ದೊಡ್ಡದು. ಅದರ ವರ್ಣತಂತುಗಳ ಮೂಲ ಸಂಖ್ಯೆ 13. ಸಾಮಾನ್ಯ ಸಸ್ಯದಲ್ಲಿ ಇದರ ಎರಡು ಪಟ್ಟು ಇರಬೇಕಿತ್ತು; ಭಾರತದ ಜಾಲಿಯಲ್ಲಿ ನಾಲ್ಕು ಪಟ್ಟು, ಅಂದರೆ 52 ಇವೆ. ಒಂದೇ ಗುಣಕ್ಕೆ ನಾಲ್ಕು ಪ್ರತಿ ಇರುವುದರಿಂದ ಒಂದು ಮರದೊಳಗೇ ಹೆಚ್ಚು ಬಗೆ ಅಡಗಿರಲು ಜಾಗವಿದೆ. ಬನ್ನಿಯಲ್ಲಿ 28 ವರ್ಣತಂತು, ಎರಡೇ ಪ್ರತಿ.

ಜಾಲಿಯ ವಂಶದ ಹುಡುಕಾಟಕ್ಕೆ ಬಿರುಸು ತಂದವರು ಅದನ್ನು ಬೆಳೆಸಬೇಕೆಂದವರಲ್ಲ, ಅಳಿಸಬೇಕೆಂದವರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕುರಿಗಳ ನೆರಳಿಗೂ ಮೇವಿಗೂ ಎಂದು ಜಾಲಿಯನ್ನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ಒಯ್ದರು. ಅಲ್ಲಿ ಅದು ಲಕ್ಷಾಂತರ ಹೆಕ್ಟೇರ್ ಹುಲ್ಲುಗಾವಲನ್ನು ನುಂಗಿ ಕಳೆಯಾಯಿತು. ಅದನ್ನು ತಿನ್ನುವ ಹುಳು ಬೇಕಾದರೆ ಮೂಲ ತವರು ಯಾವುದೆಂದು ತಿಳಿಯಬೇಕು. ವಂಶವಾಹಿ ಪರೀಕ್ಷೆಯಲ್ಲಿ ಅದು ಭಾರತ ಉಪಖಂಡದ ಉಪಪ್ರಭೇದವೆಂದು ಗೊತ್ತಾದ ಮೇಲೆ, ಕೊಯಮತ್ತೂರಿನ ಅರಣ್ಯ ತಳಿವಿಜ್ಞಾನ ಸಂಸ್ಥೆಯ ಜೊತೆ ಸೇರಿ ತಮಿಳುನಾಡು, ಕರ್ನಾಟಕಗಳ ಜಾಲಿ ಮರಗಳಲ್ಲಿ ಕೀಟಗಳ ಸಮೀಕ್ಷೆ ನಡೆಯಿತು. ಅಷ್ಟು ಶ್ರದ್ಧೆಯ ಹುಡುಕಾಟ ತವರಿನಲ್ಲಿ ಮೇವಿನ ಸಲುವಾಗಿಯೂ ನಡೆಯಬೇಕು.

ಒಂದು ಕಾಯಿ, ಒಬ್ಬ ತಂದೆ

ಜಾಲಿಯ ಹಳದಿ ಹೂಗುಂಡಿನಲ್ಲಿ ಹತ್ತಾರು ಸಣ್ಣ ಹೂಗಳಿರುತ್ತವೆ. ಅದರ ಪರಾಗ ಬಿಡಿಬಿಡಿ ಧೂಳಾಗಿ ಹಾರುವುದಿಲ್ಲ. ಹದಿನಾರು ಕಣಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಗಂಟಾಗಿ ಇರುತ್ತವೆ. ಜೇನ್ನೊಣದ ಮೈಗಂಟಿದ ಆ ಗಂಟು ಇನ್ನೊಂದು ಹೂವಿನ ಶಲಾಕೆಯ ತುದಿಯ ಪುಟ್ಟ ಕುಳಿಯಲ್ಲಿ ಕೂರುತ್ತದೆ. ಆ ಕುಳಿಯಲ್ಲಿ ಹೆಚ್ಚುಕಡಿಮೆ ಒಂದೇ ಗಂಟಿಗೆ ಜಾಗ. ಒಂದು ಕಾಯಿಯಲ್ಲಿ ಆಗುವುದು ಸಾಮಾನ್ಯವಾಗಿ 8ರಿಂದ 12 ಕಾಳು. ಒಂದೇ ಗಂಟಿನ ಹದಿನಾರು ಕಣ ಅಷ್ಟಕ್ಕೂ ಸಾಕು. ಹೀಗಾಗಿ ಒಂದು ಕಾಯಿಯ ಕಾಳುಗಳೆಲ್ಲ ಬಹುತೇಕ ಒಡಹುಟ್ಟಿದವು, ತಾಯಿಯೂ ಒಂದೇ, ತಂದೆಯೂ ಒಂದೇ. ಅದೇ ಮರದ ಇನ್ನೊಂದು ಕಾಯಿಗೆ ತಂದೆ ಬೇರೆ ಇರಬಹುದು.

ಬೀಜ ಕೂಡಿಸುವವರಿಗೆ ಇದರಿಂದ ತಿಳಿಯಬೇಕಾದ್ದು ಬಹಳ. ರಸ್ತೆ ಪಕ್ಕದ ಒಂದು ದೊಡ್ಡ ಮರದ ಕೆಳಗೆ ಚೀಲಗಟ್ಟಲೆ ಕಾಯಿ ಸಿಗುತ್ತದೆ. ಆ ಚೀಲದಿಂದ ಹತ್ತು ಸಾವಿರ ಸಸಿ ಮಾಡಬಹುದು. ಹತ್ತು ಸಾವಿರವೂ ಒಂದೇ ತಾಯಿಯ ಮಕ್ಕಳು. ಅವು ಬೆಳೆದು ತಮ್ಮತಮ್ಮೊಳಗೇ ಪರಾಗ ಹಂಚಿಕೊಂಡರೆ ಮುಂದಿನ ತಲೆಮಾರಿಗೆ ರಕ್ತಸಂಬಂಧದ ಬಲಹೀನತೆ ಅಂಟುತ್ತದೆ: ಕಾಳು ಕಟ್ಟುವುದು ಕಡಿಮೆ, ಮೊಳಕೆ ದುರ್ಬಲ.

ಕುರುಬರ ದೊಡ್ಡಿ ಈ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡುತ್ತ ಬಂದಿದೆ. ಆಡು, ಕುರಿ ದಿನವಿಡೀ ಹತ್ತಾರು ಮರಗಳ ಕೆಳಗೆ ಕಾಯಿ ಆಯ್ದು ತಿಂದು, ರಾತ್ರಿ ಒಂದೆಡೆ ಮಲಗಿ ಮೆಲುಕು ಹಾಕುವಾಗ ಗಟ್ಟಿ ಕಾಳುಗಳನ್ನು ಉಗುಳುತ್ತವೆ. ಉಳಿದವು ಹಿಕ್ಕೆಯಲ್ಲಿ ಬರುತ್ತವೆ. ಹೊಟ್ಟೆಯ ಹುಳಿಯಲ್ಲಿ ನೆನೆದ ಕಾಳಿನ ಸಿಪ್ಪೆ ಮೆತ್ತಗಾಗಿ ಬೇಗ ಮೊಳೆಯುತ್ತದೆ. ದೊಡ್ಡಿಯಲ್ಲಿ ಗುಡಿಸಿದ ಕಾಳನ್ನೇ ಬಿತ್ತುವ ಪದ್ಧತಿ ಅರಣ್ಯ ಇಲಾಖೆಗಳಲ್ಲೂ ಹಿಂದಿನಿಂದ ಇದೆ. ಹೊಲದಲ್ಲಿ ಕುರಿ ತರುಬಿಸುವುದನ್ನು ಗೊಬ್ಬರದ ಲೆಕ್ಕದಲ್ಲಿ ಮಾತ್ರ ನೋಡುತ್ತೇವೆ. ದಖ್ಖನಿ ಕುರಿಯ ಹಿಂಡು ಒಂದು ಊರಿನ ಮಡ್ಡಿಯ ಕಾಳನ್ನು ಇನ್ನೊಂದು ಊರಿನ ಒಡ್ಡಿಗೆ ಒಯ್ಯುತ್ತ, ಮರಗಳ ವಂಶಗಳನ್ನು ಬೆರೆಸುತ್ತಲೂ ಬಂದಿದೆ. ಹಿಂಡುಗಳ ದಾರಿಗೆ ತಂತಿಬೇಲಿ ಬಿದ್ದ ಕಡೆ ಈ ಸಾಗಣೆಯೂ ನಿಂತಿದೆ.

ಬೇರಿನಿಂದ ಹಬ್ಬುವ ಬನ್ನಿ

ಬನ್ನಿಯ ಕಥೆಯೇ ಬೇರೆ. ಅದು ಬೀಜದಿಂದ ಹುಟ್ಟುವಷ್ಟೇ ಸಲೀಸಾಗಿ ಬೇರಿನಿಂದಲೂ ಚಿಗುರುತ್ತದೆ. ಎರೆಹೊಲದಲ್ಲಿ ನೇಗಿಲು ಹೊಡೆದಷ್ಟೂ ತುಂಡಾದ ಬೇರಿನಿಂದ ಬನ್ನಿಕಂಟಿ ಏಳುತ್ತಲೇ ಇರುತ್ತದೆ. ಒಡ್ಡಿನುದ್ದಕ್ಕೆ ಸಾಲಾಗಿ ನಿಂತ ಎಂಟು ಹತ್ತು ಬನ್ನಿ ಮರಗಳನ್ನು ನೋಡಿ ಬೇಕಾದಷ್ಟಿವೆ ಎಂದುಕೊಳ್ಳುತ್ತೇವೆ. ನೆಲದ ಕೆಳಗೆ ಅವೆಲ್ಲ ಒಂದೇ ಮರದ ಕೂಸುಗಳಾಗಿರುವ ಸಾಧ್ಯತೆ ಇದೆ. ಹಾಗಿದ್ದರೆ ವಂಶದ ಲೆಕ್ಕದಲ್ಲಿ ಅದು ಒಂದೇ ಮರ.

ಊರ ಹೊರಗಿನ ಬನ್ನಿಕಟ್ಟೆಯ ಮರವನ್ನು ದಸರೆಯ ಪೂಜೆ ಕಾಪಾಡಿದೆ. ಆದರೆ ಸುತ್ತಲ ಹೊಲದ ಬನ್ನಿಗಳು ಕಬ್ಬಿನ ಸಲುವಾಗಿ ಹೋದ ಮೇಲೆ ಕಟ್ಟೆಯ ಮರ ಒಂಟಿಯಾಗಿದೆ. ಪ್ರೊಸೊಪಿಸ್ ಬಳಗದ ಮರಗಳು ಬಹುಮಟ್ಟಿಗೆ ತಮ್ಮದೇ ಪರಾಗಕ್ಕೆ ಒಲಿಯುವುದಿಲ್ಲ. ಜೇನು ಹಾರಬಲ್ಲ ದೂರದಲ್ಲಿ ಇನ್ನೊಂದು ವಂಶದ ಬನ್ನಿ ಇದ್ದರೆ ಮಾತ್ರ ಒಳ್ಳೆಯ ಕಾಳು. ಪವಿತ್ರ ಮರವನ್ನು ಉಳಿಸಿದವರು ಅದರ ನೆರೆಹೊರೆಯನ್ನೂ ಉಳಿಸಿದರೆ ಆ ಪೂಜೆ ಫಲ ಕೊಡುತ್ತದೆ ಎಂದು ನನ್ನ ನಂಬಿಕೆ.

ರಾಜಸ್ಥಾನದ ಬಿಕಾನೇರ್‌ನ ಒಣ ತೋಟಗಾರಿಕೆ ಸಂಸ್ಥೆ ‘ಥಾರ್ ಶೋಭಾ’ ಎಂಬ ಕಸಿ ಬನ್ನಿಯನ್ನು ಬಿಡುಗಡೆ ಮಾಡಿದೆ. ಮುಳ್ಳಿಲ್ಲ, ಎಳೆಗಾಯಿ ಹೇರಳ, ಬೇಗ ಫಲ. ರೈತರಿಗೆ ಅದು ದೊಡ್ಡ ವರ. ಕಸಿ ಎಂದರೆ ಎಲ್ಲ ಗಿಡವೂ ಒಂದೇ ವಂಶದ ನಕಲು ಎಂಬುದನ್ನು ಮಾತ್ರ ಮರೆಯಬಾರದು. ಅದರ ಪಕ್ಕದಲ್ಲಿ ಬೀಜದ ಬನ್ನಿಯೂ ಇರಬೇಕು.

ದಂಡೆಯ ಜಾಲಿ, ಮಡ್ಡಿಯ ಜಾಲಿ

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿಯ ದಂಡೆ ಊರುಗಳು ಮುಳುಗಿದವು. ಜಾಲಿ ನೆರೆಯ ನೀರಿನಲ್ಲಿ ದಿನಗಟ್ಟಲೆ ನಿಂತು ಬದುಕಬಲ್ಲ ಮರ. ಅಲ್ಲಿಂದ ಸ್ವಲ್ಪವೇ ದೂರದ ಮಡ್ಡಿಯಲ್ಲಿ ಅದೇ ಜಾತಿಯ ಮರ ವರ್ಷದಲ್ಲಿ ಎಂಟು ತಿಂಗಳು ಹನಿ ನೀರಿಲ್ಲದೆ ನಿಲ್ಲುತ್ತದೆ. ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿ ಸವಳಾದ ಹೊಲಗಳ ಅಂಚಿನಲ್ಲಿ ಉಪ್ಪನ್ನು ತಾಳಿಕೊಂಡ ಜಾಲಿಗಳೂ ಇವೆ. ನೆರೆ, ಬರ, ಉಪ್ಪು ಮೂರೂ ಇಷ್ಟು ಹತ್ತಿರದಲ್ಲಿ ಒಂದೇ ಜಾತಿಯ ಮರವನ್ನು ಜರಡಿ ಹಿಡಿಯುತ್ತಿರುವ ಸೀಮೆ ಸಂಶೋಧಕರಿಗೆ ಸಿಗುವುದು ಅಪರೂಪ.

ತಾಳಿಕೆ ವಂಶದಿಂದ ಬಂದದ್ದೋ, ಜಾಗಕ್ಕೆ ಹೊಂದಿಕೊಂಡದ್ದೋ ಎಂದು ತಿಳಿಯಲು ಒಂದು ಹಳೆಯ ವಿಧಾನವಿದೆ. ಬೇರೆ ಬೇರೆ ಜಾಗದ ಬೀಜವನ್ನು ಒಂದೇ ಹೊಲದಲ್ಲಿ, ಒಂದೇ ಆರೈಕೆಯಲ್ಲಿ ಬೆಳೆಸಬೇಕು. ಆಗಲೂ ಉಳಿಯುವ ವ್ಯತ್ಯಾಸ ವಂಶದ್ದು. 1980ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಒಣನಾಡಿನ ಅಕೇಶಿಯ, ಪ್ರೊಸೊಪಿಸ್ ಬೀಜಗಳನ್ನು ಭಾರತವೂ ಸೇರಿ ಹಲವು ದೇಶಗಳಿಂದ ಕೂಡಿಸಿ ಇಂಥ ಪ್ರಯೋಗಗಳಿಗೆ ಹಂಚಿತ್ತು. ಡಿಎನ್‌ಎ ಗುರುತುಗಳಿಂದ ನಡೆದ ಅಧ್ಯಯನಗಳು ಹೆಚ್ಚಿನ ಪರಪರಾಗದ ಮರಗಳಲ್ಲಿ ಒಂದು ಸಂಗತಿಯನ್ನು ಮತ್ತೆಮತ್ತೆ ತೋರಿಸಿವೆ: ವೈವಿಧ್ಯದ ದೊಡ್ಡ ಪಾಲು ಊರು ಊರಿನ ನಡುವೆ ಇರುವುದಿಲ್ಲ, ಒಂದೇ ಊರಿನ ಮರಮರದ ನಡುವೆಯೇ ಇರುತ್ತದೆ. ಹಾಗಾಗಿ ಒಂದು ಮಡ್ಡಿಯ ಐವತ್ತು ಜಾಲಿಯನ್ನು ಕಡಿದು, ಬೇರೆಲ್ಲೋ ಜಾಲಿ ಇದೆಯಲ್ಲ ಎಂದರೆ ನಷ್ಟ ತುಂಬುವುದಿಲ್ಲ.

ಸೋರಿಕೆ

ಹೊಲ ಸಮಗೊಳಿಸಿ ಒಡ್ಡು ಒಡೆದಾಗ ಮರ ಹೋಗುವುದು ಕಣ್ಣಿಗೆ ಕಾಣುತ್ತದೆ. ಕಾಣದ ನಷ್ಟ ಇನ್ನೊಂದಿದೆ. ನೊಗಕ್ಕೆ, ಕುಂಟೆಗೆ, ಕೂರಿಗೆಗೆ, ಗಾಲಿಗೆ ರೈತ ಆರಿಸಿ ಕಡಿಯುತ್ತಿದ್ದದ್ದು ನೆಟ್ಟಗಿನ, ಗಟ್ಟಿಯಾದ ಜಾಲಿಯನ್ನು. ತೊಗಟೆಗೂ ಬಲಿತ ಮರವೇ ಬೇಕು. ಬೀಜ ಬಿತ್ತಲು ಉಳಿದದ್ದು ಡೊಂಕು, ಗಿಡ್ಡ ಮರ. ಬಿತ್ತನೆಗೆ ಒಳ್ಳೆಯ ಕಾಳನ್ನೇ ಎತ್ತಿಡುವ ರೈತನೇ ಮರದ ವಿಷಯದಲ್ಲಿ ತಲೆಮಾರುಗಳಿಂದ ಒಳ್ಳೆಯದನ್ನು ಉಂಡು ಕೆಟ್ಟದ್ದನ್ನು ಬಿತ್ತಿದಂತಾಯಿತು.

ಸುಬಾಬುಲ್‌ಗೆ ಆದದ್ದು

ವಂಶ ಕಿರಿದಾದರೆ ಏನಾಗುತ್ತದೆ ಎಂಬುದನ್ನು ಇನ್ನೊಂದು ಮೇವಿನ ಮರ ತೋರಿಸಿಕೊಟ್ಟಿದೆ. ಮೆಕ್ಸಿಕೋ ಮೂಲದ ಸುಬಾಬುಲ್ ಹದಿನಾರನೆಯ ಶತಮಾನದ ನಂತರ ಸ್ಪೇನಿನ ಹಡಗುಗಳಲ್ಲಿ ಫಿಲಿಪ್ಪೀನ್ಸ್ ಸೇರಿ, ಅಲ್ಲಿಂದ ಏಷ್ಯಾದ ತುಂಬ ಹರಡಿತು. ಅದು ತನ್ನ ಪರಾಗದಿಂದಲೇ ಕಾಳು ಕಟ್ಟುವ ಮರ. ಹೀಗಾಗಿ ಜಗತ್ತಿನ ಉದ್ದಗಲಕ್ಕೂ ಬೆಳೆದದ್ದು ಕೆಲವೇ ಕೆಲವು ವಂಶ. ನಮ್ಮಲ್ಲಿ ಮಣಿಭಾಯಿ ದೇಸಾಯಿ 1967ರಲ್ಲಿ ಪುಣೆ ಬಳಿಯ ಉರುಳಿಕಾಂಚನದಲ್ಲಿ ಕಟ್ಟಿದ ಬೈಫ್ ಸಂಸ್ಥೆ 1970ರ ದಶಕದಲ್ಲಿ ಎತ್ತರದ ಹವಾಯಿ ತಳಿಗಳನ್ನು ತಂದು ರೈತರಿಗೆ ಹಂಚಿತು. ಮೇವಿಗೆ ಅದು ನಿಜಕ್ಕೂ ಆಸರೆಯಾಯಿತು. 1980ರ ದಶಕದ ನಡುವೆ ಎಳೆಚಿಗುರಿನ ರಸ ಹೀರುವ ಸಿಲ್ಲಿಡ್ ಎಂಬ ಸೂಜಿಮೊನೆಯಷ್ಟು ಕೀಟ ಪೆಸಿಫಿಕ್ ದ್ವೀಪಗಳಿಂದ ಹೊರಟು, ಕೆಲವೇ ವರ್ಷಗಳಲ್ಲಿ ಫಿಲಿಪ್ಪೀನ್ಸ್, ಇಂಡೋನೇಷ್ಯಾ ದಾಟಿ 1988ರ ಹೊತ್ತಿಗೆ ಭಾರತ ಮುಟ್ಟಿತು. ಹೋದಲ್ಲೆಲ್ಲ ತೋಪಿಗೆ ತೋಪೇ ಚಿಗುರು ಕಳೆದುಕೊಂಡಿತು, ಏಕೆಂದರೆ ಒಂದು ಮರಕ್ಕೆ ಇಲ್ಲದ ತಾಳಿಕೆ ಪಕ್ಕದ ಮರಕ್ಕೂ ಇರಲಿಲ್ಲ. ಆ ಮೇಲೆ ವಿಜ್ಞಾನಿಗಳು ಪರಿಹಾರ ಹುಡುಕಿಕೊಂಡು ಹೋದದ್ದು ಅದರ ತವರಿನ ಕಾಡುವಂಶಗಳ ಬಳಿಗೆ. ಜಾಲಿ, ಬನ್ನಿಗಳಿಗೆ ಅಂಥ ತವರು ನಮ್ಮ ಒಡ್ಡುಗಳೇ.

ಬೀಜ ಕೂಡಿಸುವ ಕ್ರಮ

ಎಷ್ಟು ಮರದಿಂದ ಬೀಜ ತಂದರೆ ಸಾಕು? ನೂರಕ್ಕೆ ಐದು ಪ್ರತಿಯಲ್ಲಿ ಮಾತ್ರ ಇರುವ ಒಂದು ವಂಶವಾಹಿ ರೂಪವಿದೆ, ಅದು ಸಿಲ್ಲಿಡ್‌ನಂಥ ಕೀಟವನ್ನು ತಡೆಯುವಂಥದ್ದು ಎಂದಿಟ್ಟುಕೊಳ್ಳಿ. ಬನ್ನಿಯಂಥ ಎರಡು ಪ್ರತಿಯ ಮರವೊಂದನ್ನೇ ಆರಿಸಿದರೆ ಅದು ತಪ್ಪಿಹೋಗುವ ಸಾಧ್ಯತೆ ಶೇ 90. ಐದು ಮರ ಆರಿಸಿದರೂ ಶೇ 60. ಒಂದಕ್ಕೊಂದು ನೆಂಟಲ್ಲದ ಮೂವತ್ತು ಮರ ಆರಿಸಿದರೆ ಮಾತ್ರ ಅದು ಶೇ 5ಕ್ಕಿಂತ ಕೆಳಗಿಳಿಯುತ್ತದೆ. ಪರಾಗದ ಮೂಲಕ ತಂದೆಮರಗಳ ಪಾಲೂ ಸ್ವಲ್ಪ ಸೇರುತ್ತದೆ, ಆದರೂ ಒಂದು ತಾಯಿಯಿಂದ ಮೂವತ್ತು ತಾಯಿಯ ಕೆಲಸ ಆಗದು. ತಾಯಿಮರಗಳ ನಡುವೆ ಕನಿಷ್ಠ ನೂರು ಮೀಟರ್ ಅಂತರವಿರಬೇಕು ಎನ್ನುವುದು ನೆಂಟರನ್ನು ತಪ್ಪಿಸಲಿಕ್ಕೆ. ಬನ್ನಿಯಲ್ಲಿ ಒಂದೇ ಒಡ್ಡಿನ ಸಾಲಿನಿಂದ ಒಂದೇ ಮರ ಆರಿಸಬೇಕು.

ಏಪ್ರಿಲ್ ಹೊತ್ತಿಗೆ ಜಾಲಿಯ ಕಾಯಿ ಕಪ್ಪಾಗಿ ಅಲುಗಿದರೆ ಕಾಳು ಗಿಲಕಿಯಾಡುತ್ತದೆ. ನೆಲಕ್ಕೆ ಬಿದ್ದು ಬಹಳ ದಿನವಾದ ಕಾಯಿಯಲ್ಲಿ ಕೊರೆಹುಳು ಸೇರಿರುತ್ತದೆ, ಆದ್ದರಿಂದ ಮರದಿಂದಲೇ ಉದುರಿಸಿಕೊಳ್ಳುವುದು ಮೇಲು. ಪ್ರತಿ ಮರದ ಎಲ್ಲ ದಿಕ್ಕಿನ ಟೊಂಗೆಗಳಿಂದ ಕಾಯಿ ತೆಗೆಯಬೇಕು, ತಂದೆಗಳು ಹೆಚ್ಚಲೆಂದು. ಆಮೇಲೆ ಮರಮರದಿಂದ ಸಮ ಅಳತೆಯ ಕಾಳು ತೆಗೆದು ಬೆರೆಸಬೇಕು. ಇಲ್ಲದಿದ್ದರೆ ಹೆಚ್ಚು ಕಾಯಿ ಬಿಟ್ಟ ಎರಡು ಮರದ ಮಕ್ಕಳೇ ಸಸಿತೋಟ ತುಂಬುತ್ತವೆ. ಕುದಿಸಿ ಇಳಿಸಿದ ನೀರಿನಲ್ಲಿ ಕಾಳು ಹಾಕಿ ತಣ್ಣಗಾಗುವವರೆಗೆ ಬಿಟ್ಟರೆ ಸಿಪ್ಪೆ ಮೆತ್ತಗಾಗುತ್ತದೆ.

ದಾಖಲೆಯಲ್ಲಿ ಒಂದು ಕಾಲಂ

ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011–12ರಿಂದ ಬದುಕಿದ ಸಸಿಯ ಲೆಕ್ಕಕ್ಕೆ ರೈತರಿಗೆ ಹಣ ಕೊಡುತ್ತಿದೆ. ಒಳ್ಳೆಯ ಯೋಜನೆ. ಅದರ ಸಸಿಗಳ ಜೊತೆ ಬೀಜ ಎಷ್ಟು ತಾಯಿಮರದಿಂದ ಬಂತು ಎಂಬ ಒಂದು ಸಾಲಿನ ಚೀಟಿ ಸೇರಿದರೆ ಇನ್ನೂ ಒಳ್ಳೆಯದು. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ, ಕೃಷಿ ವಿಶ್ವವಿದ್ಯಾಲಯವಿದೆ. ನಿಪ್ಪಾಣಿಯಲ್ಲೇ ಆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ನೆರೆ, ಬರ, ಸವಳು ಮೂರೂ ಕಡೆಯ ಜಾಲಿ ಬೀಜವನ್ನು ಒಂದೇ ತಾಕಿನಲ್ಲಿ ಬೆಳೆಸಿ ನೋಡಲು ಬೇಕಾದ ಜಾಗ, ಜ್ಞಾನ ಎರಡೂ ಹತ್ತಿರದಲ್ಲೇ ಇವೆ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಆ ದಾಖಲಾತಿಯಲ್ಲಿ ‘ಜಾಲಿ: ಇದೆ’ ಎಂದು ಬರೆದು ಮುಂದೆ ಹೋದರೆ ಸಾಲದು. ಯಾವ ಸರ್ವೆ ನಂಬರಿನ ಒಡ್ಡಿನ ಮರವನ್ನು ಆಡು ಮೊದಲು ಹುಡುಕಿ ಹೋಗುತ್ತದೆ, ಯಾವುದು ನೆರೆಯಲ್ಲಿ ನಿಂತು ಉಳಿಯಿತು, ಯಾವುದು ಸವಳಿನಲ್ಲಿ ಚಿಗುರಿದೆ, ಯಾವ ಬನ್ನಿ ಪ್ರತಿವರ್ಷ ಕಾಯಿ ಕಟ್ಟುತ್ತದೆ ಎಂಬುದನ್ನು ಕುರಿ ಕಾಯುವವರನ್ನು ಕೂರಿಸಿಕೊಂಡು ಕೇಳಿ, ಮರಮರಕ್ಕೆ ನಂಬರು ಕೊಟ್ಟು ಬರೆದುಕೊಳ್ಳಬೇ​ಕು. ಮುಂದಿನ ಏಪ್ರಿಲ್‌ನಲ್ಲಿ ಬೀಜಕ್ಕೆ ಹೊರಟವರು ಆ ಪುಟ ತೆರೆದು, ಮೂವತ್ತು ನಂಬರು ಆರಿಸಿಕೊಂಡು ಗಳ ಹಿಡಿದು ಹೊರಡಬಹುದು.